ದೊಡ್ಡ ಸ್ವಾಮಿಯವರು: ಅಬ್ಬೆ ದುಬ್ವಾ ಅವರ ಬಾಳಿನಲ್ಲಿ ಗೊಣಗಾಟ, ದೈವದ್ರೋಹ ಮತ್ತು ಸಂತೃಪ್ತಿ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಮ್ಮ ದೇವಾಲಯಕ್ಕಾಗಿ ದುಡಿದ ಗುರುಗಳನ್ನೂ ಹಿರಿಯರನ್ನೂ ಸ್ಮರಿಸುವುದು ನಮ್ಮೆಲ್ಲರ ಕರ್ತವ್ಯ. ಆ ಸ್ಮರಣೆ ನೂರು ವರ್ಷಗಳ ಗಡಿಯನ್ನು ದಾಟಿ ಹಿಂದಕ್ಕೆ ಸರಿದರೆ ವೀರರಾಜಪೇಟೆಗೆ ಹೋಗಿ ಮುಟ್ಟುತ್ತದೆ. 1792ರಲ್ಲಿ ದೊಡ್ಡವೀರರಾಜೇಂದ್ರ ಒಡೆಯರು ಆ ಪಟ್ಟಣವನ್ನು ಕಟ್ಟಿಸಿದಾಗ, ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ಅಲ್ಲಿ ನೆಲೆಯನ್ನಿತ್ತರು. ಸಂತ ಅನ್ನಮ್ಮನವರ ದೇವಾಲಯ ಹುಟ್ಟಿದ್ದು ಹಾಗೆ. ಒಡೆಯರು ತಾವೂ ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದು 1788ರಲ್ಲಿ ತಪ್ಪಿಸಿಕೊಂಡು ಬಂದವರು. ಬಂಧನದ ಕಷ್ಟವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೊಡಗಿನ ಬೆಟ್ಟಗಳನ್ನು ಸೇರಲಾಗದೆ ಶ್ರೀರಂಗಪಟ್ಟಣದಲ್ಲಿಯೇ ಉಳಿದವರ ಪಾಡೇನಾಯಿತು? 1799ರಲ್ಲಿ ಕೋಟೆ ಬಿದ್ದ ಬಳಿಕ ಅವರನ್ನು ಒಟ್ಟುಗೂಡಿಸಲು ಬಂದವರು ಫ್ರಾನ್ಸ್ ದೇಶದ ಅಬ್ಬೆ ದುಬ್ವಾ. ಮೈಸೂರು ಸೀಮೆಯ ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಕೊಡಗಿನ ಹಳೆಯ ಕುಟುಂಬಗಳ ಬಂಧುಬಳಗವನ್ನೇ ಅವರು ಪಾಲನೆ ಮಾಡಿದರೆಂದರೆ ತಪ್ಪಾಗಲಾರದು. ಅವರ ಜೀವನವನ್ನು ಇಲ್ಲಿ ನೆನೆಯಲು ಇನ್ನೊಂದು ಕಾರಣವೂ ಉಂಟು. ದೇವರ ವಿರುದ್ಧ ದಂಗೆಯೇಳುವುದೆಂದರೇನು, ಸಂತೃಪ್ತಿಯೆಂದರೇನು ಎಂಬ ಪ್ರಶ್ನೆಗೆ ಪವಿತ್ರ ಗ್ರಂಥ ಕೊಡುವ ಉತ್ತರ ನಾವು ಸಾಮಾನ್ಯವಾಗಿ ಭಾವಿಸುವಷ್ಟು ಸರಳವಲ್ಲ. ದೊಡ್ಡ ಸ್ವಾಮಿಯವರ ಬಾಳು ಆ ಉತ್ತರವನ್ನು ಬಿಡಿಸಿ ತೋರಿಸುತ್ತದೆ.

ಜ್ಯಾಂ ಆಂತ್ವಾನ್ ದುಬ್ವಾ ಅವರು 1766ರ ಜನವರಿಯಲ್ಲಿ ಫ್ರಾನ್ಸಿನ ಆರ್ದೆಶ್ ಪ್ರಾಂತದ ಸಾಂ ರೆಮೆಜ್ ಎಂಬ ಹಳ್ಳಿಯಲ್ಲಿ ಜ್ಞಾನಸ್ನಾನ ಪಡೆದರು. ವಿವಿಯೇ ಧರ್ಮಪ್ರಾಂತ್ಯದಲ್ಲಿ ಅವರಿಗೆ ಗುರುದೀಕ್ಷೆಯಾದದ್ದು 1792ರಲ್ಲಿ. ಅದೆಂತಹ ಕಾಲ! ಕ್ರಾಂತಿಯ ಸರ್ಕಾರ ಧರ್ಮಸಭೆಯನ್ನು ತನ್ನ ಅಂಕೆಗೆ ತಂದುಕೊಳ್ಳಲು ಗುರುಗಳಿಂದ ಪ್ರಮಾಣವಚನ ಕೇಳುತ್ತಿತ್ತು. ಹಾಗೆ ಪ್ರಮಾಣ ಮಾಡಿದ ಬೆರಳೆಣಿಕೆಯ ಧರ್ಮಾಧ್ಯಕ್ಷರಲ್ಲಿ ವಿವಿಯೇಯವರೂ ಒಬ್ಬರು. ನಿರಾಕರಿಸಿದವರ ಗತಿಯೇನಾಯಿತೆಂಬುದನ್ನು ಅದೇ ವರ್ಷದ ಸೆಪ್ಟೆಂಬರ್ ತಿಂಗಳ ಪ್ಯಾರಿಸ್ ನಗರ ಕಂಡಿತು. ಅಲ್ಲಿನ ಸೆರೆಮನೆಗಳಲ್ಲಿ ಕೊಲೆಯಾದವರಲ್ಲಿ ಇನ್ನೂರರಷ್ಟು ಮಂದಿ ಗುರುಗಳೇ ಆಗಿದ್ದರು. ತರುಣ ದುಬ್ವಾ ಆ ವೇಳೆಗಾಗಲೇ ಪ್ಯಾರಿಸ್ ಪರದೇಶ ಮಿಷನ್ ಸಂಸ್ಥೆಗೆ ಸೇರಿ ಭಾರತಕ್ಕೆ ಹೊರಟುಬಿಟ್ಟಿದ್ದರು. ಪುದುಚೇರಿ ಮಿಷನ್ನಿನ ಅಧೀನದಲ್ಲಿ ಕೆಲವು ವರ್ಷ ತಮಿಳು ನಾಡಿನ ಊರುಗಳಲ್ಲಿ ದುಡಿದು, ಬಳಿಕ ಶ್ರೀರಂಗಪಟ್ಟಣಕ್ಕೆ ಬಂದರು.

ಅಲ್ಲಿ ಅವರು ಕಂಡದ್ದನ್ನು ಕುರಿತು ನಾವು ಸ್ವಲ್ಪ ನಿಂತು ಯೋಚಿಸಬೇಕು. 1784ರಲ್ಲಿ, ಆಂಗ್ಲರಿಗೆ ನೆರವಾದರೆಂಬ ಆರೋಪದ ಮೇಲೆ, ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅರುವತ್ತು ಸಾವಿರ ಜನರೆಂದು ದುಬ್ವಾ ಬರೆದಿದ್ದಾರೆ. ಬೇರೆ ಲೆಕ್ಕಗಳು ಇದಕ್ಕಿಂತ ಕಡಿಮೆ ಹೇಳುತ್ತವೆ. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಬಹಳ. ಉಳಿದವರಲ್ಲಿ ಬಹುಮಂದಿಯನ್ನು ಬಲವಂತವಾಗಿ ಮತಾಂತರಿಸಲಾಯಿತು. ಹದಿನೈದು ವರ್ಷಗಳ ಮೇಲೆ ಆ ಜನರು ತಮ್ಮ ಹಳೆಯ ಧರ್ಮಕ್ಕೆ ಮರಳಲು ಬೇಡಿಕೊಂಡು ಬಂದರು. ನಾಲಗೆ ತಪ್ಪಿದರೂ ಹೃದಯ ತಪ್ಪಿರಲಿಲ್ಲವೆಂದು ಅವರು ಹೇಳಿಕೊಂಡರು. ದೊಡ್ಡ ಸ್ವಾಮಿಯವರು ಅವರನ್ನು ಧರ್ಮಸಭೆಯ ಮಡಿಲಿಗೆ ಮರಳಿ ಸೇರಿಸುವ ಕೆಲಸಕ್ಕೆ ಕೈಹಾಕಿದರು. ಆದರೆ ಅಷ್ಟು ಸಾವಿರ ಜನರಲ್ಲಿ ವಿಶ್ವಾಸಕ್ಕಾಗಿ ಪ್ರಾಣಕೊಡಲು ಒಬ್ಬನೂ ಮುಂದೆ ಬರಲಿಲ್ಲವಲ್ಲ ಎಂಬ ಕೊರಗು, ಕೊರಗಿಗಿಂತ ಹೆಚ್ಚಾಗಿ ನಾಚಿಕೆ, ಅವರ ಮನಸ್ಸಿನಿಂದ ಅಳಿಯಲಿಲ್ಲ. ಎಷ್ಟೋ ವರ್ಷಗಳ ತರುವಾಯ ಅದನ್ನು ಕಟುವಾಗಿಯೇ ಬರೆದರು.

ಆ ಜನರು ದೈವದ್ರೋಹಿಗಳೇ? ಪ್ರಶ್ನೆ ಹೊಸದಲ್ಲ. ಕ್ರಿ.ಶ. 250ರ ಸುಮಾರಿಗೆ ಡೇಸಿಯಸ್ ಚಕ್ರವರ್ತಿಯ ಹಿಂಸೆಗೆ ಹೆದರಿ ವಿಗ್ರಹಗಳಿಗೆ ಧೂಪ ಹಾಕಿದ ಕ್ರೈಸ್ತರು ಮರಳಿ ಬಂದಾಗ, ಕಾರ್ಥೇಜಿನ ಧರ್ಮಾಧ್ಯಕ್ಷರಾಗಿದ್ದ ಸಂತ ಸಿಪ್ರಿಯಾನರು ಇದನ್ನೇ ಎದುರಿಸಿದರು. ಪ್ರಾಯಶ್ಚಿತ್ತವನ್ನು ವಿಧಿಸಬೇಕು, ಬಾಗಿಲನ್ನು ಮುಚ್ಚಬಾರದು ಎಂಬುದು ಅಂದಿನ ಧರ್ಮಸಭೆಯ ತೀರ್ಮಾನ. ಪ್ರಧಾನ ಯಾಜಕನ ಅಂಗಳದಲ್ಲಿ, ಬೆಂಕಿ ಕಾಯಿಸಿಕೊಳ್ಳುತ್ತ ನಿಂತು, ಒಬ್ಬ ದಾಸಿಯ ಮಾತಿಗೆ ಹೆದರಿ ಪ್ರಭುವನ್ನೇ ಅರಿಯೆನೆಂದ ಸಂತ ಪೇತ್ರರ ಕೈಗೇ ಕುರಿಗಳನ್ನು ಒಪ್ಪಿಸಲಾಯಿತು. ಹೆದರಿ ಬಿದ್ದವರನ್ನು ದಂಗೆಯೆದ್ದವರ ಸಾಲಿನಲ್ಲಿ ನಿಲ್ಲಿಸುವುದಕ್ಕೆ ಪವಿತ್ರ ಗ್ರಂಥ ಒಪ್ಪುವುದಿಲ್ಲವೆಂದೇ ನಾವು ನಂಬುತ್ತೇವೆ.

ಹಾಗಾದರೆ ದಂಗೆ ಯಾವುದು? ಸಂಖ್ಯಾಕಾಂಡದ ಹನ್ನೊಂದನೆಯ ಅಧ್ಯಾಯವನ್ನು ನಿಧಾನವಾಗಿ ಓದಿದವರಿಗೆ ಒಂದು ಸೋಜಿಗ ಕಾಣುತ್ತದೆ. ಮನ್ನಾ ತಿಂದು ಬೇಸತ್ತ ಇಸ್ರಯೇಲರು ಈಜಿಪ್ಟಿನ ಮೀನು, ಸೌತೆ, ಈರುಳ್ಳಿಗಳನ್ನು ನೆನೆದು ಅಳುತ್ತಾರೆ. ದೇವರ ಕೋಪ ಅವರ ಮೇಲೆರಗುತ್ತದೆ. ಅದೇ ಅಧ್ಯಾಯದಲ್ಲಿ ಮೋಶೆಯೂ ದೂರುತ್ತಾನೆ. ಈ ಜನರ ಭಾರವನ್ನು ಹೊರಲಾರೆ, ಇದಕ್ಕಿಂತ ಸಾವೇ ಲೇಸು ಎಂಬಷ್ಟರ ಮಟ್ಟಿಗೆ ದೂರುತ್ತಾನೆ. ಅವನಿಗೆ ದಂಡನೆಯಿಲ್ಲ, ಭಾರವನ್ನು ಹಂಚಿಕೊಳ್ಳಲು ಎಪ್ಪತ್ತು ಮಂದಿ ಹಿರಿಯರು ಸಿಗುತ್ತಾರೆ. ಜನರು ದೇವರಿಗೆ ಬೆನ್ನು ಮಾಡಿ ಗೊಣಗಿದರು, ಮೋಶೆ ದೇವರಿಗೆ ಮುಖ ಕೊಟ್ಟು ಅತ್ತನು. ಮೂರು ಅಧ್ಯಾಯಗಳ ಬಳಿಕ ಆ ಗೊಣಗಾಟವೇ ಬೆಳೆದು, ಬೇರೊಬ್ಬ ನಾಯಕನನ್ನು ಆರಿಸಿಕೊಂಡು ಈಜಿಪ್ಟಿಗೆ ಹಿಂದಿರುಗೋಣವೆಂಬ ಮಾತಾಯಿತು. ದಂಗೆಯೆಂಬ ಹೆಸರು ಸಲ್ಲುವುದು ಅದಕ್ಕೆ. ಫರೋಹನ ಇಟ್ಟಿಗೆಗೂಡಿನಲ್ಲಿ ಇದೇ ಜನರು ಗೋಳಿಟ್ಟಾಗ ಅದನ್ನು ಯಾರೂ ದಂಗೆಯೆನ್ನಲಿಲ್ಲ. ದೇವರು ಅದಕ್ಕೆ ಕಿವಿಗೊಟ್ಟರು. ಕೂಲಿಗಾಗಿ ತೋಟಗಳಲ್ಲಿ ದುಡಿಯುವ ಬಡವನಿಗೆ ಸಂತೃಪ್ತಿಯ ಬೋಧನೆ ಮಾಡುವವರು ಈ ಭಾಗವನ್ನು ಮರೆಯದಿರುವುದು ಒಳ್ಳೆಯದು.

ದೊಡ್ಡ ಸ್ವಾಮಿಯವರು ಮೈಸೂರು ಸೀಮೆಯಲ್ಲಿ ಕಳೆದ ವರ್ಷಗಳಲ್ಲಿ ಬೆನ್ನು ತಿರುಗಿಸಿದ್ದು ಕಾಣುವುದಿಲ್ಲ. ಬಿಳಿಯ ನಿಲುವಂಗಿ, ರುಮಾಲು, ಕೈಯಲ್ಲೊಂದು ಕೋಲು: ಅವರ ಚಿತ್ರವೊಂದರಲ್ಲಿ ಕಾಣುವ ವೇಷ ಇದು. ಈ ನಾಡಿನವರಂತೆಯೇ ಉಟ್ಟು, ಉಂಡು, ಊರೂರು ತಿರುಗಿದರು. ಬಡ ಕ್ರೈಸ್ತರು ಬೇಸಾಯದಿಂದ ಬದುಕಲೆಂದು ವ್ಯವಸಾಯದ ನೆಲೆಗಳನ್ನು ಏರ್ಪಡಿಸಿದರು. ಹಾಸನದ ಬಳಿಯ ಸಾತಳ್ಳಿ ಅವುಗಳಲ್ಲಿ ಮುಖ್ಯವಾದುದು. ಸಿಡುಬಿಗೆ ಜೆನ್ನರನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಜನ ಹೆದರಿ ದೂರ ನಿಂತಿದ್ದ ಆ ಹೊಸ ಔಷಧವನ್ನು ಹಾಕಿಸಿಕೊಳ್ಳುವಂತೆ ಅವರು ಮನವೊಲಿಸಿದರು. 1803-04ರ ಅವಧಿಯಲ್ಲಿ ಅವರ ಮೂಲಕ ಲಸಿಕೆ ಪಡೆದವರ ಸಂಖ್ಯೆ 25,432 ಎಂದು ದಾಖಲೆಯಿದೆ. ಧರ್ಮ, ಜಾತಿಗಳನ್ನು ಸಿಡುಬು ಎಣಿಸುವುದಿಲ್ಲ, ಸ್ವಾಮಿಯವರೂ ಎಣಿಸಲಿಲ್ಲ.

ಅವರಿಗೆ ಲೋಕಪ್ರಸಿದ್ಧಿ ತಂದದ್ದು ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಬೃಹದ್ಗ್ರಂಥ. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪೆನಿಯು 1807ರಲ್ಲಿ ಎರಡು ಸಾವಿರ ವರಹಗಳಿಗೆ ಕೊಂಡುಕೊಂಡಿತು; 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಅಚ್ಚಾಯಿತು. ಆ ಗ್ರಂಥದ ಬಹುಭಾಗಕ್ಕೆ ಅವರಿಗಿಂತ ಹಿಂದಿನ ಯೇಸುಸಭೆಯ ಗುರು ಕ್ಯೂರ್ದೂ ಅವರ ಬರಹವೇ ಮೂಲವೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಅವರ ಸಂಶೋಧನೆ ತೋರಿಸಿದೆ. ಅದನ್ನಿಲ್ಲಿ ಮುಚ್ಚಿಡಬೇಕಾದ ಅಗತ್ಯವಿಲ್ಲ. ನಮ್ಮ ಮಟ್ಟಿಗೆ ಸಾತಳ್ಳಿಯೂ ಲಸಿಕೆಯೂ ಆ ಗ್ರಂಥಕ್ಕಿಂತ ಹಿರಿದು.

1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟರು. ಅದೇ ವರ್ಷ ಪ್ರಕಟವಾದ ಅವರ ಪತ್ರಗಳು ದೊಡ್ಡ ಗದ್ದಲವನ್ನೇ ಎಬ್ಬಿಸಿದವು. ಮೂವತ್ತು ವರ್ಷಗಳ ದುಡಿಮೆ ಫಲಿಸಲಿಲ್ಲ, ಈಗಿನ ಸ್ಥಿತಿಯಲ್ಲಿ ಈ ನಾಡು ಕ್ರಿಸ್ತನನ್ನು ಸ್ವೀಕರಿಸುವುದು ಮನುಷ್ಯಮಾತ್ರದವರಿಂದ ಆಗುವ ಕೆಲಸವಲ್ಲ ಎಂಬಲ್ಲಿಗೆ ನಿಂತಿದ್ದರೆ ಅದನ್ನು ಮೋಶೆಯ ಅಳಲಿನ ಜಾತಿಗೆ ಸೇರಿಸಬಹುದಿತ್ತು. ಅಷ್ಟಕ್ಕೆ ನಿಲ್ಲದೆ, ಈ ಜನರ ಹಟಮಾರಿತನಕ್ಕಾಗಿ ದೇವರೇ ಇವರನ್ನು ಕೈಬಿಟ್ಟಿದ್ದಾರೆಂಬ ಅರ್ಥ ಬರುವಂತೆಯೂ ಬರೆದರು. ಪ್ರೊಟೆಸ್ಟಂಟ್ ಮಿಷನರಿಗಳಾದ ಹೌ ಮತ್ತು ಟೌನ್ಲಿಯವರು ಮರುವರ್ಷವೇ ಪುಸ್ತಕ ಬರೆದು ಉತ್ತರ ಕೊಟ್ಟರು. ಬೈಬಲನ್ನು ದೇಶಭಾಷೆಗಳಿಗೆ ತಂದು ಹಂಚುವುದರಿಂದ ಪ್ರಯೋಜನವಿಲ್ಲವೆಂಬ ದುಬ್ವಾ ಅವರ ಅಭಿಪ್ರಾಯವೂ ಕಾಲದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಬಳಿಕ ಬಲಿಪೂಜೆಯಲ್ಲಿ ಕನ್ನಡದ ವಾಚನಗಳನ್ನು ಕೇಳುತ್ತಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಪತ್ರಗಳನ್ನು ನೆನೆದಾಗಲೆಲ್ಲ ಮೆರೀಬದ ಬಂಡೆ ನೆನಪಾಗುತ್ತದೆ. ನೀರಿಗಾಗಿ ಜಗಳಕ್ಕೆ ನಿಂತ ಜನರನ್ನು ಮೋಶೆ ಸಿಟ್ಟಿನಿಂದ ದ್ರೋಹಿಗಳೆಂದು ಕರೆದು, ಬಂಡೆಯೊಂದಿಗೆ ಮಾತನಾಡಬೇಕೆಂದಿದ್ದರೂ ಕೋಲಿನಿಂದ ಎರಡು ಬಾರಿ ಹೊಡೆದನು. ನೀರೇನೋ ಹರಿಯಿತು, ಜನ ಕುಡಿದರು. ಆದರೆ ಆ ದಿನ ದಂಗೆಯೆದ್ದವರೆಂಬ ತೀರ್ಪು ಬಂದದ್ದು ಮೋಶೆ, ಆರೋನರ ಮೇಲೆ. ಜನರನ್ನು ದ್ರೋಹಿಗಳೆಂದು ಬೈದ ಬಾಯೇ ದ್ರೋಹದ ಬಾಯಾಯಿತು. ಕಾನಾನ್ ನಾಡನ್ನು ದೂರದ ಬೆಟ್ಟದಿಂದ ನೋಡುವುದಷ್ಟೇ ಅವನಿಗೆ ಉಳಿಯಿತು. ಶ್ರೀರಂಗಪಟ್ಟಣದ ಸೆರೆಯಾಳುಗಳನ್ನೂ ಈ ನಾಡಿನ ಜನರನ್ನೂ ದೊಡ್ಡ ಸ್ವಾಮಿಯವರು ಅಳೆದ ಅಳತೆ ಇಂತಹುದೇ ಎಂದು ನಮಗೆ ತೋರುತ್ತದೆ. ಅವರ ಕೈಯಿಂದ ನೀರು ಹರಿದದ್ದು ಸುಳ್ಳಲ್ಲ. ಕೋಲಿನ ಪೆಟ್ಟೂ ಸುಳ್ಳಲ್ಲ. ಇಲ್ಲದ್ದರಲ್ಲಿಯೂ ಇದ್ದದ್ದರಲ್ಲಿಯೂ ತೃಪ್ತನಾಗಿರುವುದನ್ನು ತಾನು ಕಲಿತುಕೊಂಡೆನೆಂದು ಸಂತ ಪೌಲರು ಫಿಲಿಪ್ಪಿಯರಿಗೆ ಸೆರೆಯೊಳಗಿಂದ ತಿಳಿಸಿದರು. ಹುಟ್ಟಿನಿಂದ ಬಂದ ಗುಣವೆನ್ನಲಿಲ್ಲ, ಕಲಿತ ವಿದ್ಯೆಯೆಂದರು. ಬಡತನವನ್ನು, ಬಿಸಿಲನ್ನು, ಅಲೆದಾಟವನ್ನು ಸಹಿಸುವ ಪಾಠವನ್ನು ದುಬ್ವಾ ಚೆನ್ನಾಗಿ ಕಲಿತಿದ್ದರು. ಫಲ ಕಾಣದಿರುವುದನ್ನು ಸಹಿಸುವ ಪಾಠ ಇನ್ನೂ ಬಾಕಿಯಿತ್ತು.

ಆ ಪಾಠ ಪ್ಯಾರಿಸ್ಸಿನಲ್ಲಿ ನಡೆದಿರಬಹುದು. ಹಿಂದಿರುಗಿದ ಮೇಲೆ ಅವರು ತಮ್ಮ ಸಂಸ್ಥೆಯ ಗುರುಮಠದಲ್ಲಿ ನಿರ್ದೇಶಕರಾದರು. 1836ರಿಂದ 1839ರವರೆಗೆ ಅದರ ಶ್ರೇಷ್ಠರಾಗಿದ್ದರು. ಭಾರತವನ್ನು ಕುರಿತು ಆಸೆಯಿಲ್ಲವೆಂದು ಬರೆದ ಮನುಷ್ಯ, ಭಾರತಕ್ಕೂ ಪೂರ್ವದ ದೇಶಗಳಿಗೂ ತರುಣ ಗುರುಗಳನ್ನು ಕಳುಹಿಸುವ ಮನೆಯ ಯಜಮಾನರಾಗಿ ಕುಳಿತರು. ತಮ್ಮ ಅಭಿಪ್ರಾಯವನ್ನು ಬದಲಾಯಿಸಿಕೊಂಡರೋ ಇಲ್ಲವೋ, ಕೆಲಸವನ್ನು ಮಾತ್ರ ಕೈಬಿಡಲಿಲ್ಲ. ಅವರು ಶ್ರೇಷ್ಠರಾಗಿದ್ದ 1837ರಲ್ಲಿಯೇ ಆ ಮನೆಯಿಂದ ಹೊರಟಿದ್ದ ಜ್ಯಾಂ ಶಾರ್ಲ್ ಕೊರ್ನೇ ಎಂಬ ಗುರು ಟೊಂಕಿನ್‌ನಲ್ಲಿ ರಕ್ತಸಾಕ್ಷಿಯಾದರು; ಧರ್ಮಸಭೆ 1988ರಲ್ಲಿ ಅವರನ್ನು ಸಂತರೆಂದು ಘೋಷಿಸಿತು. ಶ್ರೀರಂಗಪಟ್ಟಣದಲ್ಲಿ ಒಬ್ಬ ರಕ್ತಸಾಕ್ಷಿಯನ್ನೂ ಕಾಣಲಿಲ್ಲವೆಂದು ನೊಂದಿದ್ದ ವೃದ್ಧರು ಆ ಸುದ್ದಿಯನ್ನು ಕೇಳುವಷ್ಟು ಕಾಲ ಬದುಕಿದ್ದರು.

ಅವರು ತೀರಿಕೊಂಡದ್ದು 1848ರ ಫೆಬ್ರವರಿ 17ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ. ಒಂದು ವಾರದೊಳಗೆ ಪ್ಯಾರಿಸ್ಸಿನ ಬೀದಿಗಳಲ್ಲಿ ಮತ್ತೊಂದು ಕ್ರಾಂತಿ ಎದ್ದಿತು. ಅದನ್ನು ನೋಡುವ ಕಷ್ಟ ಅವರಿಗೆ ತಪ್ಪಿತು. 1886ರಲ್ಲಿ ಮೈಸೂರು ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಕೊಡಗು ಅದರ ಒಳಗೆ ಸೇರಿತು, ಅದರ ಮೊದಲ ಧರ್ಮಾಧ್ಯಕ್ಷರು ಬಂದದ್ದೂ ಅದೇ ಮನೆಯಿಂದ. ಸಾತಳ್ಳಿಯಲ್ಲಿ ಇಂದಿಗೂ ಕ್ರೈಸ್ತರು ಬೇಸಾಯ ಮಾಡಿಕೊಂಡಿದ್ದಾರೆ.