ಚರ್ಮವನ್ನೇ ಸಾಕ್ಷಿಗೆ ಕರೆದ ವೈದ್ಯ ಯಾಡಾಸೋನ್

ದೇವನಹಳ್ಳಿ, ಹೊಸಕೋಟೆ ಸುತ್ತಮುತ್ತ ಸಿಮೆಂಟ್ ಕಲಸುವ ಗಾರೆ ಕೆಲಸಗಾರನ ಅಂಗೈ ಬಿರುಕುಬಿಟ್ಟು ತುರಿಸಿದರೆ ದೂರು ಸಿಮೆಂಟಿನ ಮೇಲೆಯೇ. ಆದರೆ ಕಾರಣ ಅದರೊಳಗಿನ ಕ್ರೋಮಿಯಂ ಲವಣವೋ, ಕೈಗವಸಿನ ರಬ್ಬರೋ, ವಾಸಿಯಾಗಲೆಂದು ಹಚ್ಚಿಕೊಂಡ ಮುಲಾಮೋ? ಊಹೆ ತಪ್ಪಿದರೆ ಕಸುಬು ಬಿಟ್ಟರೂ ಇಸುಬು ಬಿಡದು. ಇದನ್ನು ಪತ್ತೆ ಹಚ್ಚುವ ‘ಪ್ಯಾಚ್ ಟೆಸ್ಟ್’ಗೆ ಅಡಿಪಾಯ ಹಾಕಿದವರು ಜರ್ಮನ್ ವೈದ್ಯ ಜೋಸೆಫ್ ಯಾಡಾಸೋನ್.

1863ರ ಸೆಪ್ಟೆಂಬರ್ 10ರಂದು ಲೀಗ್ನಿಟ್ಸ್ ಪಟ್ಟಣದ ಯಹೂದಿ ಕುಟುಂಬವೊಂದರಲ್ಲಿ ಅವರು ಜನಿಸಿದರು. ಆ ಊರು ಈಗ ಪೋಲೆಂಡ್‌ನಲ್ಲಿದೆ. ವೈದ್ಯಶಿಕ್ಷಣದ ನಂತರ ಬ್ರೆಸ್ಲೌ ನಗರದಲ್ಲಿ, ಗೊನೊರಿಯಾ ರೋಗಾಣುವನ್ನು ಗುರುತಿಸಿ ಹೆಸರಾಗಿದ್ದ ಆಲ್ಬರ್ಟ್ ನೈಸರ್ ಅವರ ಸಹಾಯಕರಾದರು.

ಸಿಫಿಲಿಸ್ ರೋಗಕ್ಕೆ ಆಗ ಪಾದರಸವೇ ಮದ್ದು. ಕೆಲವು ರೋಗಿಗಳಲ್ಲಿ ಮದ್ದು ಸೋಕಿದ ಮೇಲೆ ಚರ್ಮ ಕೆಂಪೇರಿ ಗುಳ್ಳೆ ಏಳುತ್ತಿತ್ತು. ಮದ್ದೇ ಅಪರಾಧಿಯೆಂದು ಶಂಕಿಸಿದ ಯಾಡಾಸೋನ್, ಅಂಥವರ ಚರ್ಮದ ಪುಟ್ಟ ಜಾಗಕ್ಕೆ ಪಾದರಸದ ಪಟ್ಟಿ ಅಂಟಿಸಿ ಕಾದರು. ಪಟ್ಟಿಯಡಿಯಲ್ಲಿ ಅದೇ ಇಸುಬು ಮರುಕಳಿಸಿತು. ರೋಗವನ್ನು ಬೇಕೆಂದೇ ಬೊಗಸೆಯಷ್ಟೂ ಅಲ್ಲದ ಜಾಗದಲ್ಲಿ ಬರಿಸಿ, ಕಾರಣವನ್ನು ಹಿಡಿಯುವ ಈ ಉಪಾಯವನ್ನು 1895ರಲ್ಲಿ ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ನಡೆದ ಚರ್ಮವೈದ್ಯರ ಸಮ್ಮೇಳನದಲ್ಲಿ ಮಂಡಿಸಿದರು. ‘ಅಲರ್ಜಿ’ ಎಂಬ ಪದ ಹುಟ್ಟಿದ್ದೇ 1906ರಲ್ಲಿ ಎಂಬುದನ್ನು ನೆನೆದರೆ ಅವರ ಮುನ್ನೋಟ ಅಚ್ಚರಿ ತರಿಸುತ್ತದೆ.

1896ರಲ್ಲಿ ಸ್ವಿಟ್ಜರ್ಲೆಂಡ್‌ನ ಬರ್ನ್‌ಗೆ ತೆರಳಿ ಎರಡು ದಶಕ ಬೋಧಿಸಿದರು. ಪರೀಕ್ಷೆಯನ್ನು ಮುಂದೆ ಹಲವು ವಸ್ತುಗಳಿಗೆ ವಿಸ್ತರಿಸಿದ ಬ್ರೂನೋ ಬ್ಲಾಖ್ ಅವರ ಶಿಷ್ಯ. ನೈಸರ್ ನಿಧನಾನಂತರ, 1917ರಲ್ಲಿ ಬ್ರೆಸ್ಲೌಗೆ ಮರಳಿ ಗುರುವಿನ ಪೀಠವನ್ನೇರಿದರು. ಚರ್ಮರೋಗಗಳ ಬೃಹತ್ ಕೈಪಿಡಿಯ ಸಂಪಾದಕತ್ವವೂ ಅವರದೇ. 1936ರ ಮಾರ್ಚ್ 24ರಂದು ಜ್ಯೂರಿಕ್‌ನಲ್ಲಿ ಕೊನೆಯುಸಿರೆಳೆದರು.

ವಿಧಾನ ಇಂದಿಗೂ ಬಹುಪಾಲು ಹಾಗೆಯೇ ಉಳಿದಿದೆ. ಶಂಕಿತ ವಸ್ತುಗಳನ್ನು ಅಲ್ಪ ಪ್ರಮಾಣದಲ್ಲಿ ಬೆನ್ನಿಗೆ ಅಂಟಿಸಿ 48 ಗಂಟೆ ಬಿಡುತ್ತಾರೆ. ಪಟ್ಟಿ ತೆಗೆದಾಗ ಒಮ್ಮೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಬೆನ್ನು ಒದ್ದೆಯಾಗಬಾರದು. ಕೂಲಿ ಬಿಟ್ಟು ಮೂರು ಬಾರಿ ಆಸ್ಪತ್ರೆಗೆ ಬರುವುದು ಬಡವನಿಗೆ ಹಗುರವಲ್ಲ. ಭಾರತದ ಪರೀಕ್ಷಾ ಪಟ್ಟಿಯಲ್ಲಿ ಕ್ರೋಮಿಯಂ, ನಿಕ್ಕಲ್, ರಬ್ಬರ್ ರಾಸಾಯನಿಕಗಳ ಜೊತೆಗೆ ನಮ್ಮ ರಸ್ತೆ ಬದಿಯ ಕಾಂಗ್ರೆಸ್ ಗಿಡ ಪಾರ್ಥೇನಿಯಂ ಕೂಡ ಇದೆ.

ಎಲ್ಲ ಕೈ ಇಸುಬೂ ಅಲರ್ಜಿಯದಲ್ಲ. ಸೋಪು, ನೀರು, ಸಿಮೆಂಟಿನ ಕ್ಷಾರ ಸುಟ್ಟ ಚರ್ಮಕ್ಕೆ ಈ ಪರೀಕ್ಷೆಯಲ್ಲಿ ಏನೂ ಕಾಣದು. ಕ್ರೋಮಿಯಂ ಎಂದು ಖಚಿತವಾದರೆ ಹೊಣೆ ಕೆಲಸಗಾರನೊಬ್ಬನದಲ್ಲ: ಸಿಮೆಂಟಿಗೆ ಫೆರಸ್ ಸಲ್ಫೇಟ್ ಬೆರೆಸಿದರೆ ಅದರ ಕಾಟ ತಗ್ಗುತ್ತದೆ. ಯುರೋಪ್ ಒಕ್ಕೂಟ 2005ರಿಂದ ಸಿಮೆಂಟಿನಲ್ಲಿ ಈ ಕ್ರೋಮಿಯಂಗೆ ಮಿತಿ ಹಾಕಿದೆ.