ಉರಿಯೂತದ ಒಳಮರ್ಮವನ್ನರಿತ ಮೆಚ್ನಿಕಾಫ್

ಅಂಗಾಲಿಗೆ ಮುಳ್ಳು ನೆಟ್ಟರೆ ಆ ಎಡೆ ಕೆಂಪೇರಿ, ಬಾತು, ಬಿಸಿಯಾಗಿ ನೋಯುವುದು ಎಲ್ಲರ ಅನುಭವಕ್ಕೂ ಬಂದ ಸಂಗತಿ. ಈ ಉರಿಯೂತವನ್ನು ಹತ್ತೊಂಬತ್ತನೆಯ ಶತಮಾನದ ವೈದ್ಯರಲ್ಲಿ ಬಹುಮಂದಿ ಬರಿಯ ಕೇಡೆಂದೇ ಬಗೆದಿದ್ದರು. ಅದು ದೇಹವು ಆತ್ಮರಕ್ಷಣೆಗಾಗಿ ತಾನೇ ಹೂಡುವ ಹೋರಾಟವೆಂದು ಸಾಧಿಸಿ ತೋರಿದ ಮಹನೀಯರು ಈಲ್ಯಾ ಮೆಚ್ನಿಕಾಫ್.

ಇವರು ಜನಿಸಿದುದು 1845ರಲ್ಲಿ, ಇಂದಿನ ಉಕ್ರೇನಿನ ಖಾರ್ಕಿವ್ ಪ್ರಾಂತದಲ್ಲಿ. ನಾಲ್ಕು ವರ್ಷಗಳ ವಿಶ್ವವಿದ್ಯಾಲಯದ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿದ ಮೇಧಾವಿ. 1870ರಲ್ಲಿ ಒಡೆಸ್ಸಾದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು. ಆದರೆ ವಿಧಿ ಅವರನ್ನು ಸುಖವಾಗಿರಗೊಡಲಿಲ್ಲ. ಕ್ಷಯರೋಗಪೀಡಿತಳಾಗಿದ್ದ ಮಡದಿ ಲುಡ್ಮಿಲಾ 1873ರಲ್ಲಿ ತೀರಿಕೊಂಡಾಗ ಬಾಳೇ ಬೇಡವಾಗಿ ಪ್ರಾಣತ್ಯಾಗಕ್ಕೂ ಮುಂದಾಗಿ, ಹೇಗೋ ಉಳಿದುಕೊಂಡರು. ಹಾಗೆ ಉಳಿದ ಜೀವವೇ ಮುಂದೆ ಜೀವರಕ್ಷಣೆಯ ರಹಸ್ಯವನ್ನು ಲೋಕಕ್ಕೆ ತಿಳಿಸಿತು.

ರಾಜಕೀಯ ಕ್ಷೋಭೆಯಿಂದ ಬೇಸತ್ತು 1882ರಲ್ಲಿ ಹುದ್ದೆಯನ್ನು ತೊರೆದು, ಎರಡನೆಯ ಪತ್ನಿ ಓಲ್ಗಾ ಮತ್ತು ಆಕೆಯ ತಮ್ಮತಂಗಿಯರೊಡನೆ ಸಿಸಿಲಿ ದ್ವೀಪದ ಮೆಸ್ಸೀನಾ ನಗರಕ್ಕೆ ಬಂದರು. ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದಾಗ, ಇವರು ಒಬ್ಬರೇ ಕುಳಿತು ನಕ್ಷತ್ರಮೀನಿನ ಪಾರದರ್ಶಕವಾದ ಮರಿಯನ್ನು ಸೂಕ್ಷ್ಮದರ್ಶಕದಲ್ಲಿ ವೀಕ್ಷಿಸುತ್ತಿದ್ದರು. ಅದರೊಳಗೆ ಚಲಿಸುವ ಕೋಶಗಳು ಆ ಜೀವಿಯ ಕಾವಲುಗಾರರಾಗಿರಬಾರದೇಕೆ ಎಂಬ ವಿಚಾರ ಮಿಂಚಿನಂತೆ ಹೊಳೆಯಿತು. ತೋಟದ ಗುಲಾಬಿಯ ಮುಳ್ಳುಗಳನ್ನು ತಂದು ಮರಿಗಳ ಮೈಯಲ್ಲಿ ನೆಟ್ಟರು. ಇರುಳೆಲ್ಲ ನಿದ್ರೆಯಿಲ್ಲ. ಬೆಳಗಾಗಿ ನೋಡಿದರೆ ಕೋಶಗಳು ಮುಳ್ಳನ್ನು ಮುತ್ತಿ ನಿಂತಿದ್ದವು! ಆ ಮರಿಗೆ ರಕ್ತನಾಳಗಳೇ ಇಲ್ಲ. ಆದುದರಿಂದ ಉರಿಯೂತದ ಮೂಲವು ನಾಳಗಳ ವಿಕಾರದಲ್ಲಿಲ್ಲ, ರಕ್ಷಕ ಕೋಶಗಳ ಧಾವನೆಯಲ್ಲಿದೆ ಎಂಬುದು ಅವರಿಗೆ ನಿಶ್ಚಯವಾಯಿತು. ಹಗೆಯನ್ನು ನುಂಗುವ ಈ ಕೋಶಗಳಿಗೆ ಫ್ಯಾಗೊಸೈಟ್, ಎಂದರೆ ಭಕ್ಷಕಕೋಶ, ಎಂಬ ಹೆಸರಾಯಿತು.

ಜರ್ಮನಿಯ ಪಂಡಿತರು ಈ ಮತವನ್ನು ಉಗ್ರವಾಗಿ ಖಂಡಿಸಿದರು. ರೋಗನಿರೋಧವಿರುವುದು ರಕ್ತದ್ರವದಲ್ಲೇ ಎಂಬುದು ಅವರ ವಾದ. ಮೆಚ್ನಿಕಾಫರು ಧೃತಿಗೆಡಲಿಲ್ಲ. 1888ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರರ ಆಶ್ರಯ ದೊರೆಯಿತು. ಉರಿಯೂತವನ್ನು ಕುರಿತ ಅವರ ಉಪನ್ಯಾಸಮಾಲೆ 1892ರಲ್ಲಿ ಗ್ರಂಥರೂಪ ತಾಳಿತು. ಒಡೆಸ್ಸಾದಲ್ಲಿ ಅವರ ಶಿಷ್ಯರಾಗಿದ್ದ ಹಾಫ್‌ಕಿನ್ ಮುಂಬಯಿಗೆ ಬಂದು, ತಾವು ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು 1897ರಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. 1908ರ ನೊಬೆಲ್ ಪಾರಿತೋಷಕವು ಮೆಚ್ನಿಕಾಫರಿಗೂ ದ್ರವವಾದಿಯಾದ ಪಾಲ್ ಎರ್ಲಿಖರಿಗೂ ಕೂಡಿಯೇ ಸಂದಿತು. ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿತ್ತೆಂಬುದನ್ನು ಕಾಲವೇ ಮುಂದೆ ಸ್ಥಿರಪಡಿಸಿತು.

ಕೋಶಗಳು ಒಂದನ್ನೊಂದು ಕರೆಯುವುದು ಯಾವ ಭಾಷೆಯಲ್ಲಿ? ಇದಕ್ಕೆ ಉತ್ತರ ದೊರೆತುದು ಅವರ ಕಾಲಾನಂತರ. ಮ್ಯಾಕ್ರೊಫೇಜ್ ಎಂದು ಅವರೇ ಹೆಸರಿಟ್ಟ ಮಹಾಭಕ್ಷಕಕೋಶಗಳು ರೋಗಾಣುವನ್ನು ಕಂಡೊಡನೆ ಸೈಟೊಕೈನ್ ಎಂಬ ಸಂದೇಶಾಣುಗಳನ್ನು ಸ್ರವಿಸುತ್ತವೆ. ಇಂಟರ್‌ಲ್ಯೂಕಿನ್-1 ಜ್ವರವನ್ನು ಏರಿಸುತ್ತದೆ. 1975ರಲ್ಲಿ ನಾಮಕರಣಗೊಂಡ ಟಿ.ಎನ್.ಎಫ್. ಎಂಬುದು ರಕ್ತನಾಳದ ಗೋಡೆಯನ್ನು ಸಡಿಲಿಸಿ, ಬಿಳಿಯ ಕಣಗಳು ಹೊರದಾಟಲು ಹಾದಿಮಾಡಿಕೊಡುತ್ತದೆ. ಕಾರ್ಯ ಮುಗಿದಾಗ ಇಂಟರ್‌ಲ್ಯೂಕಿನ್-10ರಂಥವು ಸಾಕೆಂದು ತಡೆಯುತ್ತವೆ. ಈ ತಡೆ ತಪ್ಪಿದರೆ ರಕ್ಷಕನೇ ಭಕ್ಷಕನಾಗುವನು. ಸಂಧಿವಾತದಲ್ಲಿ ಕೀಲುಗಳು ಸವೆಯುವುದು ಹೀಗೆ; 1998ರಿಂದೀಚೆಗೆ ಟಿ.ಎನ್.ಎಫ್.ಅನ್ನು ತಡೆಯುವ ಔಷಧಗಳು ಅಂಥ ಅನೇಕರಿಗೆ ನೆರವಾಗಿವೆ. 2020ರ ಕೋವಿಡ್ ಮಾರಿಯಲ್ಲಿ ಬಹುಮಂದಿಯ ಶ್ವಾಸಕೋಶ ಕೆಟ್ಟುದು ವೈರಸ್ಸಿನಿಂದ ಮಾತ್ರವಲ್ಲ, ಮಿತಿಮೀರಿದ ಉರಿಯೂತದಿಂದಲೂ ಹೌದು.

ಉರಿಯೂತವನ್ನು ಅಷ್ಟು ಗೌರವಿಸಿದ ಮೆಚ್ನಿಕಾಫರು ಅದು ಪರಿಪೂರ್ಣವೆಂದು ಎಂದೂ ಭ್ರಮಿಸಲಿಲ್ಲ. ಪ್ರಕೃತಿಯ ಈ ಚಿಕಿತ್ಸಾಶಕ್ತಿ ಇನ್ನೂ ಪಕ್ವವಾಗಿಲ್ಲವೆಂದೂ, ಆದುದರಿಂದಲೇ ಮನುಷ್ಯನ ಬುದ್ಧಿ ಅದಕ್ಕೆ ಕೈಜೋಡಿಸಬೇಕೆಂದೂ ತಿಳಿದಿದ್ದರು. ಮಹಾಯುದ್ಧದ ನಡುವೆ, 1916ರ ಜುಲೈ 15ರಂದು, ಪ್ಯಾರಿಸ್ಸಿನಲ್ಲಿ ಅವರ ಹೃದಯ ನಿಂತಿತು. ಅವರ ಚಿತಾಭಸ್ಮವನ್ನು ಅವರು ದುಡಿದ ಪಾಶ್ಚರ್ ಸಂಸ್ಥೆಯಲ್ಲಿಯೇ ಇರಿಸಲಾಗಿದೆ. ಒಂದು ಮುಳ್ಳಿನ ಮೊನೆಯಿಂದ ಅವರು ತೆರೆದ ಹಾದಿಯಲ್ಲಿ ವೈದ್ಯವಿಜ್ಞಾನವು ಇಂದಿಗೂ ನಡೆಯುತ್ತಿದೆ.