ಬಫೆಟ್‌ಗೆ ಪಾಠ ಹೇಳಿದ ಮೇಷ್ಟ್ರು: ಬೆಂಜಮಿನ್ ಗ್ರಹಾಂ

ವಾರೆನ್ ಬಫೆಟ್ ಹೆಸರು ಕ್ಯಾಂಪಸ್‌ನಲ್ಲಿ ಎಲ್ಲರಿಗೂ ಗೊತ್ತು. ಡಿಮ್ಯಾಟ್ ಅಕೌಂಟ್ ಓಪನ್ ಮಾಡಿದ ಮಾರನೇ ದಿನವೇ ಅವರ ಫೋಟೋ ಸ್ಟೇಟಸ್‌ಗೆ ಬಂದಿರುತ್ತೆ. ಆದರೆ ಬಫೆಟ್‌ಗೆ ಪಾಠ ಹೇಳಿದ ಮೇಷ್ಟ್ರು ಯಾರು ಅಂದ್ರೆ ಬಹಳ ಜನ ಸುಮ್ಮನಾಗ್ತಾರೆ. ಅವರೇ ಬೆಂಜಮಿನ್ ಗ್ರಹಾಂ. ಒಂದು ಕಂಪನಿ ಗಟ್ಟಿಯೋ ಟೊಳ್ಳೋ ಅನ್ನೋದನ್ನ ಅದರ ಲೆಕ್ಕಪತ್ರದಿಂದ ಅಳೆಯಬಹುದು ಅಂತ ಷೇರುಪೇಟೆಗೆ ಕಲಿಸಿದವರು.

ಗ್ರಹಾಂ ಹುಟ್ಟಿದ್ದು 1894ರ ಮೇ 9ರಂದು, ಲಂಡನ್ನಿನಲ್ಲಿ. ಆಗ ಮನೆತನದ ಹೆಸರು ಗ್ರಾಸ್‌ಬಾಮ್. ಒಂದು ವರ್ಷದ ಮಗುವಾಗಿದ್ದಾಗ ಕುಟುಂಬ ನ್ಯೂಯಾರ್ಕಿಗೆ ಹೋಯಿತು. 1903ರಲ್ಲಿ ತಂದೆ ತೀರಿಕೊಂಡರು, ವ್ಯಾಪಾರ ಕುಸಿಯಿತು. ತಾಯಿ ಸಾಲದ ದುಡ್ಡಲ್ಲಿ, ಅಂದ್ರೆ ಮಾರ್ಜಿನ್ ಮೇಲೆ, ಷೇರು ಕೊಂಡಿದ್ದರು. 1907ರಲ್ಲಿ ಮಾರುಕಟ್ಟೆ ಬಿದ್ದಾಗ ಅದೂ ಹೋಯಿತು. ಚೆನ್ನಾಗಿ ಬದುಕಿದ್ದ ಮನೆ ಬಡತನಕ್ಕೆ ಬಂತು. ಷೇರುಪೇಟೆ ಅಂದ್ರೇನು ಅನ್ನೋದು ಗ್ರಹಾಂಗೆ ಮೊದಲು ಗೊತ್ತಾಗಿದ್ದು ಪುಸ್ತಕದಿಂದಲ್ಲ.

ಓದಿನಲ್ಲಿ ಅಸಾಧ್ಯ ಬುದ್ಧಿವಂತರು. 1914ರಲ್ಲಿ ಕೊಲಂಬಿಯಾದಿಂದ ಪದವಿ ಪಡೆದಾಗ ಗಣಿತ, ತತ್ತ್ವಶಾಸ್ತ್ರ, ಇಂಗ್ಲಿಷ್ ಮೂರೂ ವಿಭಾಗದವರು ಪಾಠ ಮಾಡೋಕೆ ಕರೆದರು. (ನಮಗೆ ಒಂದು ಡಿಪಾರ್ಟ್‌ಮೆಂಟಿನಲ್ಲಿ ಅಟೆಂಡೆನ್ಸ್ ಉಳಿಸಿಕೊಳ್ಳೋದೇ ಕಷ್ಟ!) ಆದರೆ ಮನೆಗೆ ದುಡ್ಡು ಬೇಕಿತ್ತು. ವಾಲ್ ಸ್ಟ್ರೀಟಿಗೆ ಹೋದರು.

ಆ ಕಾಲದ ವಾಲ್ ಸ್ಟ್ರೀಟಿನಲ್ಲಿ ಲೆಕ್ಕ ಹಾಕಿ ಕೊಳ್ಳುತ್ತಿದ್ದದ್ದು ಬಾಂಡುಗಳನ್ನ. ಷೇರು ಅಂದ್ರೆ ಬಹುಪಾಲು ಸುದ್ದಿ, ಗುಸುಗುಸು, ಟಿಪ್. ಕಂಪನಿಗಳೂ ತಮ್ಮ ಲೆಕ್ಕವನ್ನ ಪೂರ್ತಿ ಬಿಚ್ಚಿ ತೋರಿಸುತ್ತಿರಲಿಲ್ಲ. ಗ್ರಹಾಂ ಕೈ ಹಾಕಿದ್ದು ಇಲ್ಲಿಗೇ. ಅದಕ್ಕೆ ಒಳ್ಳೆ ಉದಾಹರಣೆ ನಾರ್ದರ್ನ್ ಪೈಪ್‌ಲೈನ್ ಅನ್ನೋ ಕಂಪನಿಯ ಕತೆ. ನನಗಂತೂ ಅವರ ಜೀವನದಲ್ಲಿ ತುಂಬಾ ಇಷ್ಟವಾದ ಭಾಗ ಇದು.

1911ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಅನ್ನು ಕೋರ್ಟ್ ಒಡೆದಾಗ ಹುಟ್ಟಿದ ಸಣ್ಣ ಕಂಪನಿಗಳಲ್ಲಿ ಇದೂ ಒಂದು. ಎಣ್ಣೆ ಸಾಗಿಸೋ ಪೈಪು ಬಿಟ್ರೆ ಅದರ ಬಗ್ಗೆ ಯಾರಿಗೂ ಹೆಚ್ಚು ಗೊತ್ತಿರಲಿಲ್ಲ. 1926ರಲ್ಲಿ ಗ್ರಹಾಂ ವಾಷಿಂಗ್ಟನ್‌ಗೆ ಹೋಗಿ, ಈ ಕಂಪನಿಗಳು ಸರ್ಕಾರದ ಆಯೋಗಕ್ಕೆ ಸಲ್ಲಿಸಿದ್ದ ವರದಿಗಳನ್ನ ಕೂತು ಓದಿದರು. ಷೇರು ಬೆಲೆ ಸುಮಾರು 65 ಡಾಲರ್. ಆದರೆ ಕಂಪನಿ ಹತ್ತಿರ ಒಂದೊಂದು ಷೇರಿಗೆ ಸುಮಾರು 95 ಡಾಲರಿನಷ್ಟು ಒಳ್ಳೆ ಬಾಂಡುಗಳು ಮತ್ತು ನಗದು ಸುಮ್ಮನೆ ಬಿದ್ದಿತ್ತು! ಪೈಪು, ವ್ಯಾಪಾರ ಎಲ್ಲ ಪುಕ್ಕಟೆ. ಗ್ರಹಾಂ ಸದ್ದಿಲ್ಲದೆ ಷೇರು ಕೊಳ್ಳುತ್ತಾ ಹೋದರು. ಆಮೇಲೆ, ಈ ದುಡ್ಡು ಷೇರುದಾರರದ್ದು, ಹಂಚಿ ಅಂತ ಆಡಳಿತದವರನ್ನ ಕೇಳಿದರು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

1927ರ ಜನವರಿಯಲ್ಲಿ ಪೆನ್ಸಿಲ್ವೇನಿಯಾದ ಆಯಿಲ್ ಸಿಟಿ ಅನ್ನೋ ಸಣ್ಣ ಊರಲ್ಲಿ ಕಂಪನಿಯ ವಾರ್ಷಿಕ ಸಭೆ. ಹೊರಗಿನಿಂದ ಬಂದ ಷೇರುದಾರ ಗ್ರಹಾಂ ಒಬ್ಬರೇ. ಅವರ ಮಾತಿಗೆ ಅನುಮೋದನೆ ಕೊಡೋಕೂ ಒಬ್ಬ ಇಲ್ಲದೆ ಸಭೆ ಮುಗಿದೇ ಹೋಯಿತು. ಅವಮಾನ ನುಂಗಿಕೊಂಡು ವಾಪಸ್ ಬಂದವರು ವರ್ಷವಿಡೀ ಬೇರೆ ಷೇರುದಾರರ ಬೆಂಬಲ ಕೂಡಿಸಿದರು. 1928ರ ಸಭೆಗೆ ಪ್ರಾಕ್ಸಿಗಳ ಕಟ್ಟು ಹಿಡಿದು ಹೋಗಿ ಆಡಳಿತ ಮಂಡಳಿಯಲ್ಲಿ ಎರಡು ಸೀಟು ಗೆದ್ದರು. ಕೊನೆಗೆ ಕಂಪನಿ ಷೇರಿಗೆ 70 ಡಾಲರ್ ಹಂಚಿತು. ಈಗ ನಾವು ಕಂಪನಿಯ ಆನ್ಯುವಲ್ ರಿಪೋರ್ಟ್ ಫೋನಲ್ಲೇ ಡೌನ್‌ಲೋಡ್ ಮಾಡಬಹುದು. ಎಷ್ಟು ಜನ ಓದ್ತೀವಿ ಅನ್ನೋದು ಬೇರೆ ಮಾತು.

ಇಷ್ಟೆಲ್ಲ ಲೆಕ್ಕ ಗೊತ್ತಿದ್ದವರೂ 1929ರಲ್ಲಿ ಪಾರಾಗಲಿಲ್ಲ. ಅವರ ಫಂಡಿನಲ್ಲಿ ಸಾಲದ ದುಡ್ಡೂ ಸೇರಿತ್ತು. 1932ರ ಹೊತ್ತಿಗೆ ಸುಮಾರು 70 ಶೇಕಡಾ ಹೋಗಿತ್ತು. ತಾಯಿಯನ್ನ ಮುಳುಗಿಸಿದ ಸಾಲವೇ ಮಗನನ್ನೂ ಹಿಡಿಯಿತು. ಈ ಹೊಡೆತದ ನಂತರವೇ, 1934ರಲ್ಲಿ, ಕೊಲಂಬಿಯಾದ ಸಹೋದ್ಯೋಗಿ ಡೇವಿಡ್ ಡಾಡ್ ಜೊತೆ ಬರೆದ ಸೆಕ್ಯೂರಿಟಿ ಅನಾಲಿಸಿಸ್ ಪುಸ್ತಕ ಬಂತು. 1949ರಲ್ಲಿ ಸಾಮಾನ್ಯರಿಗಾಗಿ ದಿ ಇಂಟೆಲಿಜೆಂಟ್ ಇನ್ವೆಸ್ಟರ್.

ಅವರ ಮುಖ್ಯ ಐಡಿಯಾ ಮಾರ್ಜಿನ್ ಆಫ್ ಸೇಫ್ಟಿ. ಸಿವಿಲ್, ಮೆಕ್ಯಾನಿಕಲ್‌ನವರಿಗೆ ಇದನ್ನ ವಿವರಿಸಬೇಕಿಲ್ಲ, ನಮ್ಮ ಫ್ಯಾಕ್ಟರ್ ಆಫ್ ಸೇಫ್ಟಿಯ ತಮ್ಮನೇ ಅದು. ಹತ್ತು ಟನ್ ಲಾರಿ ಓಡೋ ಸೇತುವೆಯನ್ನ ಹತ್ತು ಟನ್ನಿಗೇ ಯಾರೂ ಕಟ್ಟಲ್ಲ. ಹಾಗೇ, ನೂರು ರೂಪಾಯಿ ಬಾಳುತ್ತೆ ಅಂತ ಲೆಕ್ಕ ಹೇಳಿದ ಷೇರಿಗೆ ನೂರು ಕೊಡಬೇಡ, ನಿನ್ನ ಲೆಕ್ಕ ತಪ್ಪಿರಬಹುದು. ಹುಷಾರಿನ ಹೂಡಿಕೆದಾರನಿಗೆ ಅವರು ಕೊಟ್ಟ ಪರೀಕ್ಷೆಗಳೂ ಇದೇ ಬುದ್ಧಿಯವು. ಒಂದು ವರ್ಷದೊಳಗೆ ನಗದಾಗೋ ಆಸ್ತಿ, ಒಂದು ವರ್ಷದೊಳಗೆ ತೀರಿಸಬೇಕಾದ ಬಾಕಿಯ ಎರಡು ಪಟ್ಟಾದರೂ ಇರಬೇಕು. ಹತ್ತು ವರ್ಷದಲ್ಲಿ ಒಂದು ವರ್ಷವೂ ನಷ್ಟ ಇರಬಾರದು. ಬೆಲೆ ಸರಾಸರಿ ಲಾಭದ 15 ಪಟ್ಟು ಮೀರಬಾರದು, ಬುಕ್ ವ್ಯಾಲ್ಯೂವಿನ ಒಂದೂವರೆ ಪಟ್ಟು ಮೀರಬಾರದು. ಲಾಭದ ಲೆಕ್ಕದಲ್ಲಿ ಅಗ್ಗವಿದ್ದರೆ ಬುಕ್ ವ್ಯಾಲ್ಯೂ ಕಡೆ ಸ್ವಲ್ಪ ಸಡಿಲ ಬಿಡಬಹುದು, ಆದರೆ ಎರಡನ್ನೂ ಗುಣಿಸಿದರೆ 22.5 ದಾಟಬಾರದು. ಈ ಸಂಖ್ಯೆಗಳಿಗೆ ಯಾವ ಮಾಯವೂ ಇಲ್ಲ, ಅವು ಬೇಲಿ ಮಾತ್ರ.

ಬೇಲಿ ಹಾಕಿದವರೇ ಒಮ್ಮೆ ಹಾರಿದ್ದೂ ಉಂಟು. 1948ರಲ್ಲಿ ಗೈಕೋ ಅನ್ನೋ ವಾಹನ ವಿಮೆ ಕಂಪನಿಯ ಅರ್ಧಭಾಗವನ್ನ ಸುಮಾರು 7 ಲಕ್ಷ 12 ಸಾವಿರ ಡಾಲರಿಗೆ ಕೊಂಡರು. ಫಂಡಿನ ಸುಮಾರು ಕಾಲು ಭಾಗ ಅದೊಂದಕ್ಕೇ ಹೋಯಿತು, ದುಡ್ಡನ್ನ ಹತ್ತಾರು ಕಡೆ ಹಂಚಿಡಬೇಕು ಅನ್ನೋ ಅವರದೇ ನಿಯಮಕ್ಕೆ ವಿರುದ್ಧವಾಗಿ. ಏಜೆಂಟರಿಲ್ಲದೆ ನೇರ ವಿಮೆ ಮಾರುತ್ತಿದ್ದ ಕಂಪನಿ ಅದು, ಖರ್ಚು ಕಮ್ಮಿ. ಕೊನೆಗೆ ಇದೊಂದರ ಲಾಭ, ಉಳಿದೆಲ್ಲ ಹೂಡಿಕೆಗಳ ಒಟ್ಟು ಲಾಭಕ್ಕಿಂತ ಜಾಸ್ತಿಯಾಯಿತು. ಗ್ರಹಾಂ ಇದನ್ನ ಮುಚ್ಚಿಡದೆ ತಮ್ಮ ಪುಸ್ತಕದಲ್ಲೇ ಬರೆದುಕೊಂಡರು. ಕಂಪನಿಯ ಗುಣ ಪೂರ್ತಿಯಾಗಿ ರೇಶಿಯೋಗಳಲ್ಲಿ ಸಿಗಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಕಾಣಲ್ಲ. ಆದರೂ ಒಂದು ಮಾತು: ಕೊಳ್ಳುವಾಗ ಅವರು ಅದರ ಆಸ್ತಿಯನ್ನೂ ಲಾಭವನ್ನೂ ತೂಗಿ ನೋಡಿಯೇ ಕೊಂಡಿದ್ದರು.

ಬಫೆಟ್ ಕೊಲಂಬಿಯಾದಲ್ಲಿ ಅವರ ವಿದ್ಯಾರ್ಥಿಯಾಗಿ, ಆಮೇಲೆ ಅವರದೇ ಕಂಪನಿಯಲ್ಲಿ ಕೆಲಸ ಮಾಡಿದರು. 1956ರಲ್ಲಿ ಗ್ರಹಾಂ ಕಂಪನಿ ಮುಚ್ಚಿ ಕ್ಯಾಲಿಫೋರ್ನಿಯಾಗೆ ಹೋದರು. ಅಲ್ಲಿ ಪಾಠ ಮಾಡಿದರು, ಸ್ಪ್ಯಾನಿಷ್ ಕಾದಂಬರಿಯೊಂದನ್ನ ಇಂಗ್ಲಿಷಿಗೆ ಅನುವಾದಿಸಿದರು. ಕೊನೆಗಾಲದಲ್ಲಿ ಅವರ ಅಭಿಪ್ರಾಯವೂ ಬದಲಾಯಿತು. ಎಲ್ಲರೂ ಒಂದೇ ಲೆಕ್ಕ ಹಾಕೋಕೆ ಶುರು ಮಾಡಿದ ಮೇಲೆ, ತಾವೇ ಕಲಿಸಿದ ಉದ್ದುದ್ದ ವಿಶ್ಲೇಷಣೆಯಿಂದ ಹೆಚ್ಚು ಉಪಯೋಗ ಇಲ್ಲ ಅಂದರು. ಲಾಭಕ್ಕೆ ಹೋಲಿಸಿದರೆ ಅಗ್ಗದ ಬೆಲೆ, ಕಮ್ಮಿ ಸಾಲ, ಇಂಥ ಒಂದೆರಡು ಸರಳ ಅಳತೆ ಸಾಕು, ಆದರೆ ಒಂದಲ್ಲ, ಅಂಥ ಹಲವು ಷೇರುಗಳನ್ನ ಒಟ್ಟಿಗೆ ಕೊಳ್ಳಬೇಕು ಅನ್ನೋ ಕಡೆಗೆ ಬಂದಿದ್ದರು. ಹಳೇ ಷೇರು ದಾಖಲೆಗಳ ಮೇಲೆ ಆ ಅಳತೆಗಳನ್ನ ಹಾಕಿ ಪರೀಕ್ಷಿಸುತ್ತಿದ್ದಾಗಲೇ, 1976ರ ಸೆಪ್ಟೆಂಬರ್ 21ರಂದು, ಫ್ರಾನ್ಸಿನಲ್ಲಿ ತೀರಿಕೊಂಡರು. ಆಗ ಅವರಿಗೆ 82 ವರ್ಷ.